ಕೇಳುವ ಕಿವಿಗೂ ದಣಿವಿದೆ

ಬೀದರ್ ನಗರದಲ್ಲಿರುವವರಿಗೆ ಆಕಾಶದ ಸದ್ದು ಹೊಸದಲ್ಲ. ವಾಯುಪಡೆಯ ತರಬೇತಿ ವಿಮಾನಗಳು ಗುಡುಗುತ್ತಾ ಮೇಲೇರುವಾಗ ನಾವು ಶಿಕ್ಷಕರು ಪಾಠವನ್ನು ಅರ್ಧ ನಿಮಿಷ ನಿಲ್ಲಿಸುತ್ತೇವೆ. ಮಕ್ಕಳು ಕಿಟಕಿಯತ್ತ ಕತ್ತು ಚಾಚುತ್ತಾರೆ. ಸದ್ದು ಹೋದ ಮೇಲೆ ಪಾಠ ಮುಂದುವರಿಯುತ್ತದೆ. 1942ರಲ್ಲಿ ಆರಂಭವಾದ ನಮ್ಮ ಊರಿನ ವಾಯುನೆಲೆ ಇಂದು ದೇಶದ ಯುದ್ಧ ವಿಮಾನ ಚಾಲಕರನ್ನು ತಯಾರು ಮಾಡುವ ದೊಡ್ಡ ಕೇಂದ್ರಗಳಲ್ಲಿ ಒಂದು. 1996ರಲ್ಲಿ ಸೂರ್ಯಕಿರಣ್ ತಂಡ ಹುಟ್ಟಿದ್ದು ಇಲ್ಲಿ. 2008ರಲ್ಲಿ ಹಾಕ್ ತರಬೇತಿ ವಿಮಾನಗಳು ಸೇವೆಗೆ ಸೇರಿದ್ದೂ ಇಲ್ಲೇ.

ತಲೆಯೆತ್ತಿ ನೋಡುವಾಗ ಹೆಮ್ಮೆಯಾಗುತ್ತದೆ, ನಿಜ. ಆದರೆ ಓದುಗರೇ, ಒಂದು ಪ್ರಶ್ನೆಯನ್ನು ನೀವು ಎಂದಾದರೂ ಕೇಳಿಕೊಂಡಿದ್ದೀರಾ? ಆ ವಿಮಾನದಲ್ಲಿ ಕುಳಿತ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗನಿಗೆ, ಕೆಳಗೆ ಎಂಜಿನ್ ಪರೀಕ್ಷಿಸುವ ತಂತ್ರಜ್ಞನಿಗೆ, ರಾತ್ರಿಯಿಡೀ ಗೇಟಿನಲ್ಲಿ ಬಂದೂಕು ಹಿಡಿದು ನಿಲ್ಲುವವನಿಗೆ ಮನಸ್ಸು ಭಾರವಾದರೆ ಅವರು ಯಾರಲ್ಲಿ ಹೇಳಿಕೊಳ್ಳುತ್ತಾರೆ? 2006ರ ಮಾರ್ಚ್‌ನಲ್ಲಿ ಬೀದರ್ ಬಳಿ ಸೂರ್ಯಕಿರಣ್ ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. 2009ರ ಜನವರಿಯಲ್ಲಿ ಮತ್ತೊಬ್ಬರು ತೀರಿಕೊಂಡರು. ಮರುದಿನ ಅದೇ ಆಕಾಶಕ್ಕೆ ಏರಬೇಕಾದವರ ಮನಸ್ಸಿನ ಮಾತನ್ನು ಕೇಳಿದವರು ಯಾರು?

ಒಬ್ಬ ವೈದ್ಯ, ಒಬ್ಬ ಮನಶ್ಶಾಸ್ತ್ರಜ್ಞೆ, ಒಬ್ಬ ಆಪ್ತಸಮಾಲೋಚಕ ಕೇಳಿರಬಹುದು. ಆಗ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ಅಂತಹ ನೂರು ಕತೆಗಳನ್ನು ಕೇಳಿದ ಆ ವೈದ್ಯರು ತಮ್ಮ ಭಾರವನ್ನು ಯಾರಲ್ಲಿ ಇಳಿಸುತ್ತಾರೆ? ಈ ಲೇಖನ ಆ ಎರಡನೆಯ ಪ್ರಶ್ನೆಯ ಬಗ್ಗೆ.

ಇದು ನಮ್ಮ ಮನೆಯ ವಿಷಯವೇ?

ಸೈನಿಕರ ಮನೋವೈದ್ಯರಿಗೆ ದಣಿವಾದರೆ ನಮಗೇನು ಎಂದು ನಿಮಗನಿಸಬಹುದು. ಒಂದು ಮುಂಜಾವು ಫಜರ್ ನಮಾಜ್ ಮುಗಿಸಿ ನೆಹರೂ ಕ್ರೀಡಾಂಗಣದ ಕಡೆ ಹೋಗಿ ನೋಡಿ. ಭಾಲ್ಕಿ ರಸ್ತೆಯಲ್ಲಿ, ಔರಾದ್‌ನ ಹೊರವಲಯದಲ್ಲಿ ನೋಡಿ. ಎದೆಯುಸಿರು ಬಿಡುತ್ತಾ ಓಡುವ ಹುಡುಗರು ಕಾಣುತ್ತಾರೆ. ಅವರಲ್ಲಿ ಬಹುತೇಕರದ್ದು ಒಂದೇ ಕನಸು, ಸೇನೆಗೆ ಸೇರುವುದು. ಬೆಳಗಾವಿಯ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಯಲ್ಲಿ ನಮ್ಮ ಬೀದರ್ ಜಿಲ್ಲೆಯೂ ಇದೆ. ಎರಡು ಎಕರೆ ಒಣಭೂಮಿ, ಕೈಕೊಡುವ ತೊಗರಿ, ಸಾಲ, ತಂಗಿಯ ಮದುವೆ. ಈ ಲೆಕ್ಕಗಳ ನಡುವೆ ಸಮವಸ್ತ್ರ ಎಂದರೆ ಮರ್ಯಾದೆಯೂ ಹೌದು, ಅನ್ನವೂ ಹೌದು.

2022ರಲ್ಲಿ ಅಗ್ನಿಪಥ್ ಯೋಜನೆ ಬಂತು. ಸೇವೆ ನಾಲ್ಕು ವರ್ಷ. ನಾಲ್ಕು ವರ್ಷದ ನಂತರ ಶೇಕಡಾ 25ರಷ್ಟು ಮಂದಿಯನ್ನು ಮಾತ್ರ ಕಾಯಂ ಸೇವೆಗೆ ತೆಗೆದುಕೊಳ್ಳಬಹುದು ಎಂಬುದು ಯೋಜನೆ ಘೋಷಣೆಯಾದಾಗಿನ ನಿಯಮ. ಉಳಿದವರು ಸೇವಾನಿಧಿಯ ಹಣ ಹಿಡಿದು ಊರಿಗೆ ಮರಳುತ್ತಾರೆ. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ 2003ರಿಂದ ಪ್ರತ್ಯೇಕ ಆರೋಗ್ಯ ಯೋಜನೆಯಿದೆ. ಅದೇ ನಿಯಮದಂತೆ ಅಗ್ನಿವೀರರಾಗಿ ಹೊರಬಂದವರಿಗೆ ಆ ಸೌಲಭ್ಯವಿಲ್ಲ. ಅಂದರೆ ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಹಿಂತಿರುಗಿದ ಹುಡುಗನಿಗೆ ರಾತ್ರಿ ನಿದ್ದೆ ಬಾರದಿದ್ದರೆ, ಸಣ್ಣ ಸದ್ದಿಗೂ ಬೆಚ್ಚಿಬಿದ್ದರೆ, ಅಥವಾ ಮುಂದೇನು ಎಂಬ ಚಿಂತೆಯಲ್ಲಿ ಕುಡಿತಕ್ಕೆ ಬಿದ್ದರೆ ಅವನು ಎಲ್ಲಿಗೆ ಹೋಗಬೇಕು? ಭಾಲ್ಕಿಯ ತಾಲ್ಲೂಕು ಆಸ್ಪತ್ರೆಗೆ, ಔರಾದ್‌ನ ಆಸ್ಪತ್ರೆಗೆ, ಇಲ್ಲವೇ ಬೀದರ್‌ನ ಬ್ರಿಮ್ಸ್‌ಗೆ. ಹೀಗಾಗಿ ಸೈನಿಕರ ಮನಸ್ಸಿಗೆ ಚಿಕಿತ್ಸೆ ಕೊಡುವವರು ಪುಣೆಯಲ್ಲೋ ಬೆಂಗಳೂರಿನಲ್ಲೋ ಸಮವಸ್ತ್ರ ತೊಟ್ಟ ವೈದ್ಯರು ಮಾತ್ರ ಅಲ್ಲ. ನಮ್ಮ ಜಿಲ್ಲೆಯ ಸರಕಾರಿ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಕುಳಿತವರೂ ಅವರೇ.

ಸಮಸ್ಯೆ ಎಷ್ಟು ದೊಡ್ಡದು? 2022ರ ಜುಲೈನಲ್ಲಿ ಕೇಂದ್ರ ಸರಕಾರವೇ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಮೂರೂ ಸೇನೆಗಳಲ್ಲಿ 819 ಮಂದಿ ತಮ್ಮ ಜೀವ ತಾವೇ ತೆಗೆದುಕೊಂಡಿದ್ದರು. ಭೂಸೇನೆಯಲ್ಲಿ 642, ವಾಯುಸೇನೆಯಲ್ಲಿ 148, ನೌಕಾಸೇನೆಯಲ್ಲಿ 29. ಪ್ರತಿಯೊಂದು ಸಂಖ್ಯೆಯ ಹಿಂದೆ ಒಬ್ಬ ತಾಯಿ ಇದ್ದಾಳೆ. ಕೇಳುವವರು ಸಿಕ್ಕಿ ಬದುಕಿಕೊಂಡವರ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ.

ಬತ್ತಿ ಉರಿದು ಮುಗಿದಾಗ

ಇಂಗ್ಲಿಷಿನಲ್ಲಿ ಬರ್ನ್‌ಔಟ್ ಎಂಬ ಮಾತಿದೆ. ಎಣ್ಣೆ ತೀರಿ ಬತ್ತಿ ತಾನೇ ಉರಿದುಹೋದಂತೆ ಎಂದು ನಾವು ಅರ್ಥ ಮಾಡಿಕೊಳ್ಳಬಹುದು. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಈ ಪದವನ್ನು ವೈದ್ಯಕೀಯ ಬರಹಕ್ಕೆ ತಂದರು. ಅವರು ನ್ಯೂಯಾರ್ಕ್‌ನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಸೇವೆ ಮಾಡುತ್ತಿದ್ದರು. ಬಹಳ ಉತ್ಸಾಹದಿಂದ ಬಂದ ಸೇವಾಕರ್ತರು ಕೆಲವು ತಿಂಗಳಲ್ಲೇ ಬಾಡಿಹೋಗುವುದನ್ನು ಅವರು ಗಮನಿಸಿದರು. ತಮ್ಮಲ್ಲೂ ಅದನ್ನೇ ಕಂಡರು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅವರು ಮೂರು ಲಕ್ಷಣಗಳನ್ನು ಹೇಳುತ್ತಾರೆ.

ಮೊದಲನೆಯದು ಭಾವನೆಯ ಬರಿದಾಗುವಿಕೆ. ಕೊಡಲು ಒಳಗೆ ಏನೂ ಉಳಿದಿರುವುದಿಲ್ಲ. ಎರಡನೆಯದು ಎದುರಿಗಿರುವ ಮನುಷ್ಯ ಮನುಷ್ಯನಾಗಿ ಕಾಣದೆ ಒಂದು 'ಕೇಸ್' ಆಗಿ, ಒಂದು ಚೀಟಿಯ ನಂಬರ್ ಆಗಿ ಕಾಣುವುದು. ಮೂರನೆಯದು ತಾನು ಮಾಡುವ ಕೆಲಸದಿಂದ ಯಾರಿಗೂ ಏನೂ ಪ್ರಯೋಜನವಿಲ್ಲ ಎಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಸ್ಥಾನವಿದೆ. ಆದರೆ ಅದನ್ನು ಕಾಯಿಲೆ ಎಂದು ಕರೆದಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಈ ವ್ಯತ್ಯಾಸ ಮುಖ್ಯ. ತಪ್ಪು ಕೆಲಸದ ವ್ಯವಸ್ಥೆಯಲ್ಲಿದೆಯೇ ಹೊರತು ಆ ವ್ಯಕ್ತಿಯ ದೌರ್ಬಲ್ಯದಲ್ಲಲ್ಲ ಎಂದು ಇದು ಸೂಚಿಸುತ್ತದೆ.

ಇದರ ಜೊತೆಗೆ ಇನ್ನೊಂದು ಹೊರೆಯಿದೆ. 1990ರಲ್ಲಿ ಮೆಕ್ಯಾನ್ ಮತ್ತು ಪರ್ಲ್‌ಮನ್ ಎಂಬ ಇಬ್ಬರು ಸಂಶೋಧಕಿಯರು ಆಘಾತಕ್ಕೊಳಗಾದವರ ಕತೆಗಳನ್ನು ದಿನವೂ ಕೇಳುವವರ ಮನಸ್ಸಿನ ಬಗ್ಗೆ ಬರೆದರು. ಕೇಳುವವರು ಆ ಘಟನೆಯನ್ನು ಕಣ್ಣಾರೆ ಕಾಣದಿದ್ದರೂ ಅದರ ಗಾಯ ಅವರಿಗೂ ತಾಗುತ್ತದೆ. ಕನಸಿನಲ್ಲಿ ಬೇರೆಯವರ ರಕ್ತ ಕಾಣುತ್ತದೆ. ಜಗತ್ತು ಸುರಕ್ಷಿತ ಎಂಬ ನಂಬಿಕೆ ಒಳಗಿಂದಲೇ ಸಡಿಲವಾಗುತ್ತದೆ. ಮಯ್ಯತ್‌ಗೆ ಸ್ನಾನ ಮಾಡಿಸುವವರು, ಅಪಘಾತದ ಸ್ಥಳಕ್ಕೆ ಮೊದಲು ಓಡುವ ಆಂಬುಲೆನ್ಸ್ ಚಾಲಕರು ಈ ಮಾತನ್ನು ಯಾವ ಪುಸ್ತಕ ಓದದೆಯೂ ಬಲ್ಲರು.

ಸಮವಸ್ತ್ರದವರ ಮನಸ್ಸು ತೆರೆಯುವುದು ಕಷ್ಟ

ಎಲ್ಲ ಮನೋವೈದ್ಯರಿಗೂ ದಣಿವಿದೆ. ಆದರೆ ಸೈನಿಕರ ನಡುವೆ ಕೆಲಸ ಮಾಡುವವರಿಗೆ ಅದು ಬೇಗ ಬರುವುದೇಕೆ? ಮೂರು ಕಾರಣಗಳನ್ನು ಹೇಳಬಹುದು.

ಒಂದು, ಸೈನಿಕ ಮನಸ್ಸು ಬಿಚ್ಚಲು ಹೆದರುತ್ತಾನೆ. ನಮ್ಮ ಸೇನೆಯಲ್ಲಿ ಆರೋಗ್ಯದ ದರ್ಜೆಯನ್ನು 'ಶೇಪ್' ಎಂಬ ಹೆಸರಿನಲ್ಲಿ ಅಳೆಯುತ್ತಾರೆ. ಅದರಲ್ಲಿ ಐದು ಅಂಶಗಳಿವೆ. ಮೊದಲನೆಯದೇ ಮನಸ್ಸು, ಆಮೇಲೆ ಶ್ರವಣ, ಕೈಕಾಲು, ದೇಹಶಕ್ತಿ, ದೃಷ್ಟಿ. ಮನಸ್ಸಿನ ದರ್ಜೆ ಇಳಿದರೆ ಯಾವ ಕೆಲಸಕ್ಕೆ ನಿಯೋಜನೆ, ಯಾವ ಬಡ್ತಿ ಎಂಬುದೆಲ್ಲ ಬದಲಾಗುತ್ತದೆ. ಆದ್ದರಿಂದ ಜವಾನ ತಲೆನೋವು, ಬೆನ್ನುನೋವು, ಗ್ಯಾಸ್ ಎಂದು ಬರುತ್ತಾನೆ. ಮನಸ್ಸಿನ ಬಗ್ಗೆ ಕೇಳಿದರೆ 'ಸಬ್ ಠೀಕ್ ಹೈ ಸಾಬ್' ಎನ್ನುತ್ತಾನೆ. ಆ 'ಠೀಕ್'ನ ಹಿಂದೆ ಏನಿದೆ ಎಂದು ಹುಡುಕುವುದೇ ವೈದ್ಯರ ದಿನದ ಕೆಲಸ. ಬಾಗಿಲು ಮುಚ್ಚಿದ ಮನೆಯನ್ನು ದಿನಕ್ಕೆ ಇಪ್ಪತ್ತು ಸಲ ತಟ್ಟಿದರೆ ಕೈ ನೋಯದೇ?

ಎರಡು, ವೈದ್ಯನಿಗೆ ಇಬ್ಬರು ಯಜಮಾನರು. ಎದುರಿಗೆ ಕುಳಿತ ರೋಗಿಯ ಹಿತವನ್ನು ಕಾಯಬೇಕು. ಅದೇ ಹೊತ್ತಿಗೆ ಸಂಸ್ಥೆಯ ಹಿತವನ್ನೂ ಕಾಯಬೇಕು. 'ಡಾಕ್ಟರ್ ಸಾಬ್, ಇದನ್ನು ಫೈಲಿನಲ್ಲಿ ಬರೆಯಬೇಡಿ, ನನ್ನ ಮಕ್ಕಳ ಓದು ನಿಲ್ಲುತ್ತದೆ' ಎಂದು ಒಬ್ಬ ಬೇಡಿಕೊಂಡರೆ ಏನು ಮಾಡಬೇಕು? ಬರೆದರೆ ನಂಬಿಕೆ ಮುರಿಯಿತು. ಬರೆಯದೆ ಅವನ ಕೈಗೆ ಮರುದಿನ ಬಂದೂಕು ಹೋದರೆ? ಇಂತಹ ತೀರ್ಮಾನವನ್ನು ದಿನವೂ ಒಬ್ಬರೇ ಹೊರುವ ಭಾರ ಹೊರಗಿನ ಆಸ್ಪತ್ರೆಯ ವೈದ್ಯರಿಗೆ ಇಷ್ಟರ ಮಟ್ಟಿಗೆ ಇರುವುದಿಲ್ಲ.

ಮೂರು, ಸಮವಸ್ತ್ರದ ವೈದ್ಯರೂ ಅದೇ ನೀರಿನ ಮೀನು. ಅವರಿಗೂ ವರ್ಗಾವಣೆ ಇದೆ, ಅವರ ಮಕ್ಕಳ ಶಾಲೆಯೂ ಬದಲಾಗುತ್ತದೆ, ಹಬ್ಬಕ್ಕೆ ಮನೆಗೆ ಹೋಗಲಾಗುವುದಿಲ್ಲ. ಆಗ ತಾನೇ ರೋಗಿಯ ವಿಶ್ವಾಸ ಗಳಿಸಿರುತ್ತಾರೆ, ಅಷ್ಟರಲ್ಲಿ ಇಬ್ಬರಲ್ಲಿ ಒಬ್ಬರ ವರ್ಗಾವಣೆ ಬರುತ್ತದೆ. ನೆಟ್ಟ ಗಿಡ ಬೆಳೆದದ್ದನ್ನು ನೋಡುವ ಭಾಗ್ಯವಿಲ್ಲ. ಮಾಸ್ಲಾಕ್ ಹೇಳಿದ ಮೂರನೆಯ ಲಕ್ಷಣ, ನನ್ನಿಂದ ಏನೂ ಆಗಲಿಲ್ಲ ಎಂಬ ಭಾವನೆ, ಇಲ್ಲಿಂದಲೇ ಮೊಳೆಯುತ್ತದೆ.

ಫೋನಿನ ಆಚೆ ಬದಿಯಲ್ಲಿ

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ಸಹಾಯವಾಣಿಯನ್ನು ಆರಂಭಿಸಿತು. ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡ ಸೇರಿ 20 ಭಾಷೆಗಳಲ್ಲಿ ಮಾತನಾಡಬಹುದು. 2024ರ ಅಕ್ಟೋಬರ್ ವೇಳೆಗೆ 14 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು. 2023ರ ಡಿಸೆಂಬರ್‌ನಲ್ಲಿ ಸೈನಿಕರಿಗೂ ಅವರ ಕುಟುಂಬದವರಿಗೂ ಎಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಟೆಲಿ ಮಾನಸ್‌ನ ಪ್ರತ್ಯೇಕ ಘಟಕವೊಂದು ತೆರೆಯಿತು. ಇದು ಬಹಳ ಒಳ್ಳೆಯ ಹೆಜ್ಜೆ. ಹೆಸರು ಹೇಳಲು ಹೆದರುವವನಿಗೂ ಫೋನ್ ಒಂದು ಬಾಗಿಲು ತೆರೆಯುತ್ತದೆ.

ಆದರೆ ಲಕ್ಷ ಲಕ್ಷ ಕರೆಗಳು ಎಂದರೆ ಅಷ್ಟೇ ಸಲ ಯಾರೋ ಒಬ್ಬರು ಫೋನ್ ಎತ್ತಿದ್ದಾರೆ ಎಂದರ್ಥ. ಅವರ ಬಗ್ಗೆ ನಾವು ಯೋಚಿಸುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ದೂರದ ಊರಿನ ಸಹಾಯವಾಣಿಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದಾಳೆ. ಈದ್‌ಗೆ ಭಾಲ್ಕಿಯ ತವರಿಗೆ ಬಂದಿದ್ದಾಗ ಪತಿಯೊಂದಿಗೆ ನಮ್ಮ ಮನೆಗೂ ಬಂದಳು. ಕರೆ ಮಾಡಿದವರ ಗುಟ್ಟನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ತನ್ನ ಬಗ್ಗೆ ಮಾತ್ರ ಹೇಳಿದಳು. 'ಉಸ್ತಾದ್, ಒಬ್ಬ ಫೌಜಿ ನಲವತ್ತು ನಿಮಿಷ ಮಾತನಾಡಿದ. ಕೊನೆಗೆ ಶುಕ್ರಿಯಾ ಎಂದು ಫೋನ್ ಇಟ್ಟ. ಆಮೇಲೆ ಅವನಿಗೆ ಏನಾಯಿತು ಎಂದು ನನಗೆ ಎಂದೂ ತಿಳಿಯುವುದಿಲ್ಲ. ಮುಂದಿನ ಕರೆ ಎತ್ತಿಕೊಳ್ಳಬೇಕು. ಮನೆಗೆ ಬಂದ ಮೇಲೆ ಮಗು ಅತ್ತರೆ ಮೊದಲಿನಂತೆ ಎದ್ದು ಓಡುವುದಿಲ್ಲ. ಅಳು ಕೇಳಿಸುತ್ತದೆ, ಒಳಗೆ ಇಳಿಯುವುದಿಲ್ಲ.'

ಅವಳ ತಾಯಿ ಮಗಳ ಆಯಾಸವನ್ನು ಕಂಡು ಕೇಳಿದ್ದು ಇಷ್ಟೇ: 'ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮಾತಾಡುವುದಕ್ಕೆ ಏನು ದಣಿವು?' ಆ ತಾಯಿಯದ್ದು ತಪ್ಪೆಂದು ನಾನು ಹೇಳಲಾರೆ. ಹೊಲದಲ್ಲಿ ಕಳೆ ಕಿತ್ತು ಬೆನ್ನು ಬಾಗಿದವರಿಗೆ ಕಿವಿಯ ದಣಿವು ಕಾಣುವುದಿಲ್ಲ. ಆದರೆ ಆ ದಣಿವು ನಿಜ. ಬೆನ್ನಿನ ದಣಿವಿಗೆ ಒಂದು ರಾತ್ರಿಯ ನಿದ್ದೆ ಸಾಕು. ಇದಕ್ಕೆ ಅದು ಸಾಲುವುದಿಲ್ಲ.

ನಮ್ಮ ಜಿಲ್ಲೆಯ ಲೆಕ್ಕ

ಈಗ ನಮ್ಮ ಜಿಲ್ಲೆಗೆ ಬನ್ನಿ. ಮಾನಸಿಕ ಆರೋಗ್ಯವನ್ನು ಜಿಲ್ಲೆಗೆ ಕೊಂಡೊಯ್ಯುವ ದಾರಿಯನ್ನು ದೇಶಕ್ಕೆ ತೋರಿಸಿದ್ದು ಕರ್ನಾಟಕವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಒಬ್ಬ ಮನೋವೈದ್ಯರು, ಒಬ್ಬ ಮನಶ್ಶಾಸ್ತ್ರಜ್ಞರು, ಒಬ್ಬ ಸಮಾಜ ಕಾರ್ಯಕರ್ತರು, ದಾದಿಯರು, ದಾಖಲೆ ನೋಡಿಕೊಳ್ಳುವವರು. ಕಾರ್ಯಕ್ರಮದ ತಂಡ ಎಂದರೆ ಬೆರಳೆಣಿಕೆಯಷ್ಟು ಜನ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವಂತೆ ಮಾಡುವ ಮನೋಚೈತನ್ಯ ಯೋಜನೆಯನ್ನೂ ನಮ್ಮ ರಾಜ್ಯ ಆರಂಭಿಸಿತು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಪೂರ್ತಿ ಮನೋವೈದ್ಯರೂ ಇರಲಿಲ್ಲ, ಸುಮಾರು 0.75 ಮಾತ್ರ. ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆಯ ಹೊರಗೇ ಉಳಿದಿದ್ದರು. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಜನಸಂಖ್ಯೆ 17 ಲಕ್ಷ. ಆ ಸರಾಸರಿಯಂತೆ ಲೆಕ್ಕ ಹಾಕಿದರೂ ಇಡೀ ಜಿಲ್ಲೆಗೆ ಹನ್ನೆರಡು ಹದಿಮೂರು ಮಂದಿ. ಆದರೆ ಸರಾಸರಿ ಎಂಬುದು ದೊಡ್ಡ ನಗರಗಳ ಕಡೆಗೇ ವಾಲಿರುತ್ತದೆ ಎಂಬುದು ನಿಮಗೆ ಗೊತ್ತು. ಬೆಂಗಳೂರು ನಮಗೆ ಸುಮಾರು 700 ಕಿಲೋಮೀಟರ್ ದೂರ. ಧಾರವಾಡದ ಡಿಮ್ಹಾನ್ಸ್ ಕೂಡ ಹತ್ತಿರವಲ್ಲ. ಹೈದರಾಬಾದ್ ಹತ್ತಿರ, ಆದರೆ ಅದು ಬೇರೆ ರಾಜ್ಯ, ಖರ್ಚಿನ ದಾರಿ.

ಹೀಗಿರುವಾಗ ಜಿಲ್ಲೆಯ ಆ ಒಂದು ಕೋಣೆಗೆ ಯಾರೆಲ್ಲ ಬರುತ್ತಾರೆ? 1990ರ ದಶಕದ ಕೊನೆಯಲ್ಲಿ ತೊಗರಿ ಹಾಳಾಗಿ ಬೀದರ್‌ನ ರೈತರ ಆತ್ಮಹತ್ಯೆಗಳು ಇಡೀ ರಾಜ್ಯದ ಗಮನ ಸೆಳೆದಿದ್ದವು. ಅಂತಹ ಮನೆಗಳವರು ಬರುತ್ತಾರೆ. ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿ ಬರುತ್ತಾನೆ. ಹೆರಿಗೆಯ ನಂತರ ಮಂಕಾದ ಬಾಣಂತಿಯನ್ನು ಅತ್ತೆ ಕರೆತರುತ್ತಾಳೆ. ಅವರ ಸಾಲಿನಲ್ಲೇ, ಪಂಚೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕುಳಿತ ಮಾಜಿ ಸೈನಿಕನೂ ಇರುತ್ತಾನೆ. ಔರಾದ್ ಕಡೆಯ ರೋಗಿ ಮರಾಠಿಯಲ್ಲಿ ಮಾತನಾಡುತ್ತಾನೆ, ಬೀದರ್ ಓಣಿಯವರು ಉರ್ದುವಿನಲ್ಲಿ, ಗಡಿಯಂಚಿನವರು ತೆಲುಗಿನಲ್ಲಿ, ಭಾಲ್ಕಿಯ ಹಳ್ಳಿಯವರು ನಮ್ಮ ಸೀಮೆಯ ಕನ್ನಡದಲ್ಲಿ. ಮನಸ್ಸಿನ ನೋವನ್ನು ತಾಯ್ನುಡಿಯಲ್ಲದೆ ಹೇಳಲಾಗುವುದಿಲ್ಲ. ಕೇಳುವವರು ನಾಲ್ಕು ಭಾಷೆಗಳಲ್ಲಿ ಸಂಕಟವನ್ನು ಅರ್ಥ ಮಾಡಿಕೊಳ್ಳಬೇಕು.

ಒಬ್ಬೊಬ್ಬರಿಗೆ ಸಿಗುವ ಸಮಯ ಕೆಲವೇ ನಿಮಿಷ. ಹತ್ತು ವರ್ಷ ಸಿಯಾಚಿನ್, ಕಾಶ್ಮೀರ, ಈಶಾನ್ಯದ ಕಾಡುಗಳಲ್ಲಿ ಕಳೆದವನ ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆಯೇ? ಮುಗಿಯುವುದಿಲ್ಲ ಎಂದು ವೈದ್ಯರಿಗೂ ಗೊತ್ತು. ಆದರೆ ಹೊರಗೆ ಇನ್ನೂ ಅರವತ್ತು ಮಂದಿ ಕುಳಿತಿದ್ದಾರೆ. ಮಾತ್ರೆ ಬರೆದುಕೊಟ್ಟು ಮುಂದಿನವರನ್ನು ಕರೆಯಬೇಕಾಗುತ್ತದೆ. ಒಳ್ಳೆಯ ಕೆಲಸ ಹೇಗೆ ಮಾಡಬೇಕು ಎಂದು ಬಲ್ಲವನಿಗೆ ಅದನ್ನು ಮಾಡಲು ಬಿಡದೆ ಇರುವುದೇ ಅವನನ್ನು ಬೇಗ ಸುಡುತ್ತದೆ. 'ಆ ಡಾಕ್ಟರ್ ಮುಖ ಎತ್ತಿಯೂ ನೋಡಲಿಲ್ಲ' ಎಂದು ನಾವು ಹೊರಗೆ ಬಂದು ದೂರುತ್ತೇವೆ. ಮುಖ ಎತ್ತದಿರುವುದು ಸರಿಯಲ್ಲ. ಆದರೆ ಅದು ಸೊಕ್ಕು ಎಂದು ತೀರ್ಮಾನಿಸುವ ಮೊದಲು ಅದು ಮಾಸ್ಲಾಕ್ ಹೇಳಿದ ಎರಡನೆಯ ಲಕ್ಷಣವೇ ಎಂದೂ ಒಮ್ಮೆ ಯೋಚಿಸಿ. ವೈದ್ಯ ಸುಟ್ಟುಹೋದರೆ ನಷ್ಟ ಅವನಿಗೆ ಮಾತ್ರವಲ್ಲ. ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮಗನಿಗೂ ಆ ನಷ್ಟ ತಟ್ಟುತ್ತದೆ.

ಸೇನೆಯ ಮೌಲ್ವಿ

ಈ ವಿಷಯದಲ್ಲಿ ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿಯಿದೆ. ಭಾರತೀಯ ಸೇನೆಯಲ್ಲಿ ಧಾರ್ಮಿಕ ಶಿಕ್ಷಕರ ಹುದ್ದೆಗಳಿವೆ. ಪಂಡಿತರು, ಗ್ರಂಥಿಗಳು, ಪಾದ್ರಿಗಳು, ಬೌದ್ಧ ಭಿಕ್ಷುಗಳ ಜೊತೆ ಮೌಲ್ವಿಗಳೂ ಇದ್ದಾರೆ. ಮೌಲ್ವಿ ಹುದ್ದೆಗೆ ಅರಬಿಯಲ್ಲಿ ಮೌಲ್ವಿ ಆಲಿಮ್ ಅಥವಾ ಉರ್ದುವಿನಲ್ಲಿ ಅದೀಬ್ ಆಲಿಮ್ ಜೊತೆಗೆ ಪದವಿ ಬೇಕು. ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿದ ನನ್ನಂತಹವರು ಈ ಅರ್ಹತೆಯನ್ನು ಓದಿದಾಗ ಒಂದು ಕ್ಷಣ ನಿಲ್ಲುತ್ತೇವೆ.

ಅವರ ಕೆಲಸ ನಮಾಜ್ ಮಾಡಿಸುವುದಷ್ಟೇ ಅಲ್ಲ. ಅಂತ್ಯಕ್ರಿಯೆಗಳಲ್ಲಿ ಇರಬೇಕು. ಆಸ್ಪತ್ರೆಯಲ್ಲಿ ಮಲಗಿದವರ ಬಳಿ ಹೋಗಬೇಕು. ಶಿಕ್ಷೆ ಅನುಭವಿಸುತ್ತಿರುವ ಸೈನಿಕನನ್ನು ಭೇಟಿಯಾಗಬೇಕು. ಸೈನಿಕರ ಕುಟುಂಬದ ಯೋಗಕ್ಷೇಮವನ್ನೂ ನೋಡಬೇಕು. ಇವರಿಗೆ ತರಬೇತಿ ಕೊಡುವುದು ಪುಣೆಯ ರಾಷ್ಟ್ರೀಯ ಏಕತಾ ಸಂಸ್ಥೆ. ಮನೋವೈದ್ಯರ ಬಳಿ ಹೋದರೆ ದರ್ಜೆ ಇಳಿಯುತ್ತದೆ ಎಂದು ಹೆದರುವ ಜವಾನ ಧರ್ಮಗುರುವಿನ ಬಳಿ ಕುಳಿತು ಅಳಬಹುದು. ಅಂದರೆ ಸೈನಿಕರ ನೋವನ್ನು ಮೊದಲು ಕೇಳುವ ಕಿವಿಗಳಲ್ಲಿ ಇವರದ್ದೂ ಒಂದು. ವೈದ್ಯರಿಗೆ ಬರುವ ದಣಿವು ಇವರಿಗೂ ಬರುತ್ತದೆ. ಗಡ್ಡ, ಜುಬ್ಬ, ಟೋಪಿ ಇದ್ದಾಕ್ಷಣ ಮನಸ್ಸು ಕಲ್ಲಾಗಿರುವುದಿಲ್ಲ.

ಹಕ್ಕು ಎಂಬ ಮಾತು

ಸೇವೆ ಮಾಡುವವರು ದಣಿವಿನ ಬಗ್ಗೆ ಹೇಳಿಕೊಳ್ಳಬಾರದು, ಸಬರ್ ಮಾಡಬೇಕು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಬುಖಾರಿಯಲ್ಲಿ ಬಂದಿರುವ ಸಲ್ಮಾನ್ ಫಾರಿಸಿ ಮತ್ತು ಅಬೂದರ್ದಾರವರ ಪ್ರಸಂಗವನ್ನು ನೆನಪಿಸಿಕೊಳ್ಳಿ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜ್ ಎಂದು ತಮ್ಮನ್ನೇ ಸವೆಸುತ್ತಿದ್ದ ಅಬೂದರ್ದಾರನ್ನು ಅತಿಥಿಯಾಗಿ ಬಂದ ಸಲ್ಮಾನರು ಊಟ ಮಾಡಿಸಿದರು, ಮಲಗಿಸಿದರು. ತನ್ನ ಮೇಲೂ ಮನೆಯವರಿಗೂ ಇರುವ ಹಕ್ಕನ್ನು ನೆನಪಿಸಿದರು. ಪ್ರವಾದಿಯವರು(ಸ) ಸಲ್ಮಾನರ ಮಾತನ್ನೇ ಸರಿಯೆಂದರು. ಇಬಾದತ್‌ನಲ್ಲೇ ವಿಶ್ರಾಂತಿಗೆ ಜಾಗವಿದ್ದರೆ ಉದ್ಯೋಗದಲ್ಲಿ ಇಲ್ಲವೇ?

ಒಂಬತ್ತನೆಯ ಶತಮಾನದಲ್ಲಿ ಅಲ್ ರುಹಾವಿ ಎಂಬ ವೈದ್ಯರು ವೈದ್ಯರ ನಡವಳಿಕೆಯ ಬಗ್ಗೆಯೇ 'ಅದಬುತ್ತಬೀಬ್' ಎಂಬ ಅರಬಿ ಗ್ರಂಥವನ್ನು ಬರೆದರು. ರೋಗಿಯನ್ನು ಹೇಗೆ ನೋಡಬೇಕು ಎಂಬುದರ ಜೊತೆ ವೈದ್ಯ ತನ್ನ ದೇಹವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದಕ್ಕೂ ಅವರು ಅದರಲ್ಲಿ ಜಾಗ ಕೊಟ್ಟಿದ್ದಾರೆ. ಸಾವಿರ ವರ್ಷದ ಹಿಂದೆ ಅರಿತಿದ್ದನ್ನು ನಾವು ಮರೆತಿದ್ದೇವೆ.

ಏನು ಮಾಡಬಹುದು?

ಯೋಗ ಮಾಡಿ, ಸಂಗೀತ ಕೇಳಿ, ವಾಕಿಂಗ್ ಹೋಗಿ ಎಂಬ ಸಲಹೆಗಳು ಪತ್ರಿಕೆಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅವು ತಪ್ಪಲ್ಲ. ಆದರೆ ದಿನಕ್ಕೆ ನೂರು ರೋಗಿಗಳನ್ನು ನೋಡುವವರಿಗೆ ವಾಕಿಂಗ್ ಹೋಗಿ ಎನ್ನುವುದು, ಸೋರುವ ಛಾವಣಿಯಡಿ ಕುಳಿತವನಿಗೆ ಟವೆಲ್ ಕೊಟ್ಟಂತೆ. ಮೊದಲು ಛಾವಣಿ ಸರಿಯಾಗಬೇಕು.

ಹಾಗಾದರೆ ಸರಕಾರ ಮತ್ತು ಸೇನೆಯಿಂದ ಆಗಬೇಕಾದದ್ದು ಮೂರು. ಒಬ್ಬರು ದಿನಕ್ಕೆ ನೋಡುವ ರೋಗಿಗಳಿಗೆ, ಎತ್ತುವ ಕರೆಗಳಿಗೆ ಮಿತಿ ಇರಬೇಕು. ಖಾಲಿ ಹುದ್ದೆಗಳನ್ನು ತುಂಬಬೇಕು, ಗುತ್ತಿಗೆ ಆಧಾರದಲ್ಲಿ ವರ್ಷಗಟ್ಟಲೆ ತೂಗಾಡಿಸಬಾರದು. ಮತ್ತು ಕೇಳುವವರ ಮಾತು ಕೇಳಲು ಹಿರಿಯರೊಬ್ಬರಿರಬೇಕು. ವಾರಕ್ಕೊಮ್ಮೆ ಸಹೋದ್ಯೋಗಿಗಳು ಕುಳಿತು, ಗುಟ್ಟು ಹೊರಹೋಗದಂತೆ, ತಮ್ಮ ಕಷ್ಟದ ಪ್ರಕರಣಗಳನ್ನು ಹಂಚಿಕೊಳ್ಳುವುದು ಈ ವೃತ್ತಿಯಲ್ಲಿ ಔಷಧಿಯಷ್ಟೇ ಅಗತ್ಯ. ವೈದ್ಯರೇ ಚಿಕಿತ್ಸೆಗೆ ಹೋದರೆ ಅದು ಅವರ ದಾಖಲೆಯ ಮೇಲೆ ಕಪ್ಪು ಚುಕ್ಕೆಯಾಗಬಾರದು.

ನಮ್ಮಿಂದ ಆಗಬಹುದಾದದ್ದೂ ಕಡಿಮೆಯೇನಿಲ್ಲ.

ಮಗ ರಜೆಗೆ ಬಂದಾಗ 'ಎಷ್ಟು ಹಣ ತಂದೆ, ಮನೆ ಯಾವಾಗ ಕಟ್ಟುವೆ' ಎಂದು ಮೊದಲ ದಿನವೇ ಕೇಳಬೇಡಿ. ಅವನು ಮಾತನಾಡಿದರೆ ಕೇಳಿ, ಸುಮ್ಮನಿದ್ದರೆ ಪಕ್ಕದಲ್ಲಿ ಕುಳಿತುಕೊಳ್ಳಿ. ಮನೆಯಲ್ಲೇ ಅರ್ಧ ಭಾರ ಇಳಿದರೆ ವೈದ್ಯರ ಬಳಿ ಹೋಗುವ ಭಾರವೂ ಅರ್ಧವಾಗುತ್ತದೆ.

ನಿದ್ದೆಯಿಲ್ಲದ ರಾತ್ರಿಗಳು, ಕಾರಣವಿಲ್ಲದ ಸಿಟ್ಟು, ಕುಡಿತ, ಸಾವಿನ ಮಾತು ಕಂಡರೆ ತಡಮಾಡಬೇಡಿ. ತಾಯಿತ, ದುಆ, ದರ್ಗಾದ ಭೇಟಿ ನಿಮ್ಮ ವಿಶ್ವಾಸ. ಅದರ ಹೆಸರಿನಲ್ಲಿ ಆರು ತಿಂಗಳು ಕಾದು, ಕೈಮೀರಿದ ಮೇಲೆ ವೈದ್ಯರ ಮುಂದೆ ತಂದು ನಿಲ್ಲಿಸಿದರೆ ರೋಗಿಗೂ ಕಷ್ಟ, ವೈದ್ಯರಿಗೂ ಕಷ್ಟ. ಬೇಗ ಬಂದ ರೋಗಿ ಬೇಗ ಗುಣವಾಗುತ್ತಾನೆ. ಗುಣವಾದ ರೋಗಿಯೇ ವೈದ್ಯರ ದಣಿವಿಗೆ ಮದ್ದು. 14416 ಎಂಬ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ಗುಣವಾದ ಮೇಲೆ ಒಮ್ಮೆ ಹಿಂದಿರುಗಿ ಹೋಗಿ ಹೇಳಿ. ಕಾಲು ಮುರಿದವನು ನಡೆದುಕೊಂಡು ಹೋಗಿ ಮೂಳೆ ವೈದ್ಯರಿಗೆ ಕೃತಜ್ಞತೆ ಹೇಳುತ್ತಾನೆ. ಮನಸ್ಸು ಗುಣವಾದವನು ಮಾತ್ರ ಆ ಆಸ್ಪತ್ರೆಯ ಬೀದಿಯನ್ನೇ ತಪ್ಪಿಸಿ ಹೋಗುತ್ತಾನೆ, ಯಾರಾದರೂ ನೋಡಿಯಾರು ಎಂದು. ತಮ್ಮ ಕೆಲಸ ಫಲ ಕೊಟ್ಟಿತೆಂದು ಆ ವೈದ್ಯರಿಗೆ ತಿಳಿಯುವುದಾದರೂ ಹೇಗೆ? ಎರಡು ಮಾತು ಸಾಕು: 'ನಾನೀಗ ಚೆನ್ನಾಗಿದ್ದೇನೆ.'

ಇಮಾಮರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಮೊದಲ ಕಿವಿಯಾಗಬಹುದು. ಆದರೆ ನಮ್ಮ ಮಿತಿ ನಮಗೆ ಗೊತ್ತಿರಬೇಕು. ಕೇಳುವುದು ನಮ್ಮದು, ಚಿಕಿತ್ಸೆ ಬಲ್ಲವರದ್ದು.

ಕೊನೆಯದಾಗಿ, ನಿಮ್ಮ ಮನೆಯಲ್ಲಿ ಬಿ.ಎ., ಬಿ.ಎಸ್ಸಿ. ಮುಗಿಸಿದ ಮಗಳೋ ಮಗನೋ ಇದ್ದರೆ ಮನಶ್ಶಾಸ್ತ್ರ, ಮನೋವೈದ್ಯಕೀಯ ಸಮಾಜಕಾರ್ಯ, ಮನೋವೈದ್ಯಕೀಯ ಶುಶ್ರೂಷೆ ಎಂಬ ದಾರಿಗಳೂ ಇವೆ ಎಂದು ತಿಳಿಸಿ. ಕನ್ನಡ, ಉರ್ದು, ಮರಾಠಿ ಮೂರೂ ಬಲ್ಲ ನಮ್ಮ ಜಿಲ್ಲೆಯ ಮಕ್ಕಳು ಆ ಕುರ್ಚಿಗೆ ಬಂದರೆ ಈಗ ಒಬ್ಬರೇ ಹೊರುತ್ತಿರುವ ಹೊರೆ ನಾಲ್ಕು ಹೆಗಲಿಗೆ ಹಂಚಿಹೋಗುತ್ತದೆ. ಅವರು ದಣಿದು ಮನೆಗೆ ಬಂದಾಗ ಮಾತ್ರ 'ಕೂತು ಮಾಡುವ ಕೆಲಸಕ್ಕೆ ಏನು ದಣಿವು' ಎಂದು ಕೇಳಬೇಡಿ. ಒಂದು ಲೋಟ ಚಹಾ ಕೊಟ್ಟು, ಈ ದಿನ ಹೇಗಿತ್ತು ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ.